ಹನ್ನೊಂದು ನಿಮಿಷ

ಸೊರಾಪೊ ಕೊಲ್ಲಿಯನ್ನು ನಾನು
ಎಂಬತ್ತೆರಡು ಸಾವಿರ ತ್ರಿಕೋನಗಳಾಗಿ ಕತ್ತರಿಸಿದೆ.
ತೂಬುಗಳ ಬಾಯಲ್ಲಿ ಒಂದೊಂದೂ ಬಾಗಿಲಷ್ಟು,
ಆಚೆ ಹಳದಿ ಸಮುದ್ರದ ಕಡೆ ಒಂದೊಂದೂ ಊರಷ್ಟು.
ಮೂಲೆಗೊಂದು ಆಳ, ಅಂಚಿಗೊಂದು ವೇಗ,
ಕೆಸರಿನ ಒರಟಿಗೆ ಒಂದು ಅಂಕಿ.
ಚಂದ್ರನಿಗೊಂದು ಸಾಲು, ಸೂರ್ಯನಿಗೊಂದು,
ಇಬ್ಬರ ಜಗಳಕ್ಕೆ ಇನ್ನಾರು.
ರಾತ್ರಿ ಓಡಲು ಬಿಟ್ಟು ಮಲಗಿದರೆ
ಬೆಳಗಾಗುವಷ್ಟರಲ್ಲಿ ಹದಿನೈದು ದಿನದ ಉಬ್ಬರ ಇಳಿತ
ನೆನೆಹಾಕಿದ ಹೆಸರುಕಾಳಿನ ಹಾಗೆ ತಯಾರು.

ಆದರೂ ಪೂರ್ವ ದಂಡೆಯ ಅಳತೆಕೋಲಿನಲ್ಲಿ
ನನ್ನ ನೀರು ಹನ್ನೊಂದು ನಿಮಿಷ ತಡ.

ಒರಟು ಇಳಿಸಿದೆ. ಒಂಬತ್ತಾಯಿತು, ಪಶ್ಚಿಮ ಕೆಟ್ಟಿತು.
ಗಾಳಿಯನ್ನು ಬೈದೆ. ಗಡಿಯಾರವನ್ನು ಬೈದೆ.
ಮೇಲಧಿಕಾರಿ ಕು ಬೊನ್‌ಹ್ಯೊಕ್ ಹೇಳಿದರು:
'ಹತ್ತು ಟರ್ಬೈನು, ಎಂಟು ತೂಬು.
ಹನ್ನೊಂದು ನಿಮಿಷಕ್ಕೆ ಯಾರು ಅಳುತ್ತಾರೆ?'

ಮಾಲ್‌ಸುನ್ ಅಜ್ಜಿ ಬಂದದ್ದು
ಪರಿಹಾರದ ಕಾಗದಕ್ಕೆ ಮೊಹರು ಒತ್ತಲು.
ಮೊಣಕಾಲುದ್ದ ರಬ್ಬರ್ ಬೂಟು, ಕಿಬ್ಬೊಟ್ಟೆಗೆ ಕಟ್ಟಿದ ಚೀಲ.
'ಹೆಣ್ಣು ಇನ್ನು ಸಾಕು ಅಂತ ಅಪ್ಪ ಇಟ್ಟ ಹೆಸರು,
ಆಮೇಲೂ ಇಬ್ಬರು ಹುಟ್ಟಿದರು' ಎಂದು ತಾನೇ ನಕ್ಕಳು.
ಪರದೆಯ ಮೇಲೆ ಕೊಲ್ಲಿ ನೀಲಿಯಾಗಿ ತುಂಬುತ್ತಿತ್ತು.
'ಇದು ಎಷ್ಟನೇ ನೀರು?'

ಅವರ ಲೆಕ್ಕಕ್ಕೆ ತಾರೀಖು ಬೇಡ.
ಒಂದು ನೀರು, ಎರಡು ನೀರು, ಮೂರು ನೀರು,
ಏಳಕ್ಕೆ ಸಮುದ್ರ ಮೈತುಂಬ ಉಸಿರೆಳೆದು
ಹದಿನೈದಕ್ಕೆ ಸುಸ್ತಾಗಿ ಕೂತು
ಮತ್ತೆ ಒಂದು.
'ಆರು' ಎಂದೆ, ಬೆರಳು ಮಡಿಸಿ.
'ಆರಕ್ಕೆ ಇಲ್ಲಿ ಹೀಗೆ ಬರೋದಿಲ್ಲ.'
ಉಗುರು ಪರದೆಗೆ ಟಕ್ಕೆಂದಿತು.
'ಇಲ್ಲಿ ಹಿಂದಿನಿಂದ ಬರುತ್ತೆ.'

ನನ್ನ ನಕ್ಷೆಯಲ್ಲಿ ಅಲ್ಲಿ ಹಲಗೆಯಂಥ ಬಯಲು.
ಸರ್ವೆ ದೋಣಿ ಇನ್ನೂರು ಮೀಟರಿಗೊಂದು ಗೆರೆ ಎಳೆದಿತ್ತು,
ಎರಡು ಗೆರೆಗಳ ನಡುವೆ
ಒಂದು ಕೊರಕಲು ನುಸುಳಿಕೊಂಡಿತ್ತು.

'ಅದಕ್ಕೆ ಹೆಸರಿದೆಯೇ?'
'ಗುಮ್‌ದಾನ್ ಕೊರಕಲು.'
'ಗುಮ್‌ದಾನ್ ಅಂದರೆ?'
'ಇಬ್ಬರು ಅಂದೆನಲ್ಲ. ಮೊದಲನೆಯವಳು.'
ಮಂಜು. ಏಳನೇ ನೀರು.
ಸಮುದ್ರಕ್ಕೆ ಮುಖ ಮಾಡಿ ಚಿಪ್ಪು ಬಾಚುತ್ತಿದ್ದಳಂತೆ.
ಅಷ್ಟೇ ಹೇಳಿ, ಮೊಹರಿಗೆ ಹಾ ಎಂದು ಉಸಿರೂದಿ
ಕಾಗದಕ್ಕೆ ಒತ್ತಿದಳು. ಕೆಂಪು ಸ್ವಲ್ಪ ಓರೆಯಾಯಿತು.

ಮರುವಾರ ಇಳಿತದಲ್ಲಿ ಅವಳ ಹಿಂದೆ ಹೋದೆ.
ನನ್ನ ಬೂಟು ಎರಡು ಸಲ ಕೆಸರಿನ ಪಾಲಾಯಿತು.
ಹತ್ತೊಂಬತ್ತು ಕಡೆ ಕೋಲು ಊರಿ ಆಳ ಬರೆದುಕೊಂಡೆ.
ಹನ್ನೊಂದು, ಒಂದಾಯಿತು.
ಆ ಒಂದನ್ನು ಗಾಳಿಗೆ ಬಿಟ್ಟೆ.
ವರದಿಯಲ್ಲಿ: 'ತಳದ ತಿದ್ದುಪಡಿ, 19 ಬಿಂದು.'
ಹೆಸರು ಬರೆಯಲು ಕಾಲಂ ಇರಲಿಲ್ಲ.

ಸುಸ್ತಾದ ನೀರಿನ ದಿನ ನೋಡಿ
ಕಿಂಡಿ ಮುಚ್ಚಿದರು. ದಿನ ಇಟ್ಟುಕೊಟ್ಟವನು ನಾನೇ.
ತಂತಿಬಲೆಯ ಬಂಡೆಗಳು ಧುಡುಮ್ಮೆಂದು ಬಿದ್ದವು,
ನೀರು ಕೊನೆಯವರೆಗೂ ನಂಬಲಿಲ್ಲ.
ಈಗ ಸಮುದ್ರ ಒಳಗೆ ಬರಬೇಕಾದರೆ
ಟರ್ಬೈನಿನ ಅಲಗುಗಳಿಗೆ ಸುಂಕ ಕಟ್ಟಿ ಬರಬೇಕು.
ಕೊರಕಲು ವರ್ಷಕ್ಕೊಂದು ಗೇಣು ತುಂಬುತ್ತಿದೆ.
ಅದನ್ನೂ ನಾನು ಮೊದಲೇ ಲೆಕ್ಕ ಹಾಕಿದ್ದೆ.

ಮೂರನೇ ಚಳಿಗಾಲ ಅಜ್ಜಿ ಮತ್ತೆ ಬಂದಳು.
'ನಿನ್ನ ಯಂತ್ರ ಹಿಂದಕ್ಕೂ ಓಡುತ್ತಾ?'
'ಓಡುತ್ತೆ. ಚಂದ್ರನಿಗೆ ಮರೆವಿಲ್ಲ.'
ವರ್ಷ ಹೇಳಿದಳು. ಎರಡನೇ ತಿಂಗಳು,
ಹುಣ್ಣಿಮೆಯ ಮರುದಿನ.
ಗೋಡೆಯಿಲ್ಲದ ಕೊಲ್ಲಿ ತೆರೆದುಕೊಂಡಿತು.
ಒಂದು ತ್ರಿಕೋನದ ಮೇಲೆ ಬೆರಳಿಟ್ಟಳು,
ಅಲ್ಲಿಂದ ದಂಡೆಗೆ, ಬುಟ್ಟಿ ಬಿಸಾಕಿ ಓಡಿದರೆ, ಎಷ್ಟು ಹೊತ್ತು?
ಲೆಕ್ಕ ಹಾಕಿದೆ.
ಸಾಲುವುದಿಲ್ಲ.
ಏಳೆಂಟು ನಿಮಿಷ ಸಾಲುವುದಿಲ್ಲ.

ತುಂಬ ಹೊತ್ತು ಸುಮ್ಮನಿದ್ದಳು.
ನೆಲದಡಿ ಹತ್ತು ಟರ್ಬೈನುಗಳು ಗುನುಗುತ್ತಿದ್ದವು.

'ಆವತ್ತು ತಪ್ಪಾಗಿತ್ತಲ್ಲ, ಕೊರಕಲಿಲ್ಲದ್ದು,
ಅದನ್ನು ಅಳಿಸಿಬಿಟ್ಟೆಯಾ?'
'ಇಲ್ಲ.'

ಕುರ್ಚಿ ಎಳೆದುಕೊಂಡು ಕೂತಳು.
'ಹಾಗಾದರೆ ಅದನ್ನು ಹಾಕು.'